ಬ್ಲ್ಯಾಕ್ ಸಿಕ್ಸ್ ಇಲಿ: ಹೆಸರು ಒಂದೇ, ಶುಗರ್ ರಿಸಲ್ಟ್ ಬೇರೆ ಬೇರೆ. ಇದರ ಜೊತೆ ಕೆಲಸ ಮಾಡಿದವ್ರು ಯಾರಾದ್ರೂ ಇದ್ದೀರಾ?

ಸೋಂದಾ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಬೆಂಗಳೂರಲ್ಲಿ ಪಿಎಚ್‌ಡಿ, ಮೂರನೇ ವರ್ಷ ನಡೀತಾ ಇದೆ. ನಾಲ್ಕು ದಿನ ರಜೆ ಹಾಕಿ ಮನೆಗೆ ಬಂದಿದ್ದೇನೆ, ಹೊರಗೆ ಒಂದೇ ಸಮನೆ ಮಳೆ, ತಲೇಲಿ ಮಾತ್ರ ಲ್ಯಾಬಿಂದೇ ಚಿಂತೆ. ನನ್ನ ಕೆಲಸ ಒಂದು ಜೀನ್ ಮೇಲೆ. ಆ ಜೀನ್ ತೆಗೆದು ಹಾಕಿದ ನಾಕೌಟ್ ಇಲಿ ನಮ್ಮ ಹತ್ರ ಇದೆ, ಬ್ಲ್ಯಾಕ್ ಸಿಕ್ಸ್ ತಳಿಯಲ್ಲೇ ಮಾಡಿದ್ದು. ಹೋಲಿಕೆಗೆ ಅಂತ ಮಾಮೂಲಿ ಬ್ಲ್ಯಾಕ್ ಸಿಕ್ಸ್ ಗಂಡಿಲಿ ಹೊರಗಿಂದ ತರಿಸಿದ್ವಿ. 6 ತಾಸು ಉಪವಾಸ ಇಟ್ಟು, ಕೆಜಿಗೆ 2 ಗ್ರಾಂ ಲೆಕ್ಕದಲ್ಲಿ ಗ್ಲೂಕೋಸ್ ಚುಚ್ಚಿ, ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು 15, 30, 60, 120 ನಿಮಿಷಕ್ಕೆ ಶುಗರ್ ನೋಡಿದೆ. ನಾಕೌಟ್ ಇಲಿಗಳಲ್ಲಿ ಶುಗರ್ ಬೇಗ ಇಳೀತು, ಮಾಮೂಲಿ ಇಲಿಗಳಲ್ಲಿ ಮೇಲೇ ನಿಂತ್ಕೊಂಡಿತ್ತು. ಗೈಡ್‌ಗೆ ಭಾಳ ಖುಷಿ, ಈ ಜೀನ್ ತೆಗೆದ್ರೆ ಡಯಾಬಿಟಿಸ್‌ಗೆ ಒಳ್ಳೇದು ಅಂತ ಪೇಪರ್ ಬರೆಯೋಕೇ ಹೊರಟಿದ್ವಿ. ಇನ್ನೊಂದ್ಸಲ ಮಾಡಿ ಖಾತ್ರಿ ಮಾಡ್ಕೊಳ್ಳೋಣ ಅಂತ ಬೇರೆ ಕಡೆಯಿಂದ ಮಾಮೂಲಿ ಬ್ಲ್ಯಾಕ್ ಸಿಕ್ಸ್ ತರಿಸಿ ಅದೇ ಟೆಸ್ಟ್ ಮಾಡಿದೆ. ವ್ಯತ್ಯಾಸಾನೇ ಇಲ್ಲ, ಎರಡೂ ಗೆರೆ ಒಂದರ ಮೇಲೊಂದು ಕೂತ್ಬಿಟ್ಟಿದೆ. ಗ್ಲೂಕೋಮೀಟರ್ ಅದೇ, ಆಹಾರ ಅದೇ, ಕೈಯೂ ನಂದೇ. ನಾನು ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಾ ಇಲ್ಲ. ಎರಡು ವಾರ ಆಯ್ತು ಸರಿ ನಿದ್ದೆ ಇಲ್ಲ.

ಕುಮಟಾ ಪಶುವೈದ್ಯ:
ತಂಗೀ, ನಿದ್ದೆ ಮಾಡು ಮೊದಲು. ನಾನು ಊರಿಗೆ ಬರೋಕೆ ಮುಂಚೆ ಸುಮಾರು ವರ್ಷ ಅನಿಮಲ್ ಹೌಸ್‌ನಲ್ಲಿ ಇದ್ದವನು. ಒಂದೇ ಪ್ರಶ್ನೆ, ಪಂಜರದ ಕಾರ್ಡ್ ಮೇಲೆ ತಳಿ ಹೆಸರು ಪೂರ್ತಿ ಎಂತ ಬರೆದಿತ್ತು? ಬರೀ ಬ್ಲ್ಯಾಕ್ ಸಿಕ್ಸ್ ಅಂತಲೋ, ಅದರ ಮುಂದೆ ಇಂಗ್ಲಿಷ್ ಅಕ್ಷರ ಏನಾದ್ರೂ ಇತ್ತೋ? ಜೆ ಅಥವಾ ಎನ್?

ಸೋಂದಾ ಹುಡುಗಿ:
ಮೊದಲನೇ ಬ್ಯಾಚ್ ಕಾರ್ಡಲ್ಲಿ ಸಿ57ಬಿಎಲ್/6, ಅಂದ್ರೆ ಬ್ಲ್ಯಾಕ್ ಸಿಕ್ಸ್, ಅಂತ ಅಷ್ಟೇ ಇತ್ತು ಡಾಕ್ಟ್ರೇ. ಎರಡನೇದ್ರಲ್ಲಿ ಕೊನೇಲಿ ಎನ್ ಇತ್ತು. ನಾಕೌಟ್ ಮಾಡಿದ ಮೂಲ ಸ್ಟೆಮ್ ಸೆಲ್ ಕೂಡ 6ಎನ್ ಅಂತ ಹಳೇ ಮೇಲ್‌ನಲ್ಲಿ ಇದೆ, ಈಗ ಹುಡುಕಿ ನೋಡಿದೆ. ಅದೊಂದು ಅಕ್ಷರಕ್ಕೆ ಅಷ್ಟು ಬೆಲೆನಾ?

ಬನವಾಸಿ ರಸ್ತೆ:
ನಂಗೆ ವಿಜ್ಞಾನ ಅಷ್ಟಾಗಿ ಗೊತ್ತಿಲ್ಲ, ಮಗಳು ಬಯೋಟೆಕ್ ಸೇರಿದಾಳೆ ಅಂತ ಈ ಗುಂಪಲ್ಲಿ ಇದ್ದೇನೆ. ಮೊದಲು ಇದನ್ನ ಹೇಳಿ, ಬ್ಲ್ಯಾಕ್ ಸಿಕ್ಸ್ ಅಂದ್ರೆ ಎಂತ? ನಮ್ಮ ಅಟ್ಟದ ಮೇಲೆ ಓಡಾಡೋ ಇಲಿನೇ ಅಲ್ವಾ?

ಹೊನ್ನಾವರ ಅಕ್ಕೋರು:
ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳ್ತೇನೆ, ನಂಗೆ ಗೊತ್ತಿದ್ದಷ್ಟು ಬರೀತೇನೆ, ತಪ್ಪಿದ್ರೆ ಡಾಕ್ಟ್ರು ತಿದ್ದಲಿ. ಮೊದಲು ಒಂದು ಮಾತು, ಪೇಪರಲ್ಲಿ ಮೌಸ್‌ಗೂ ಇಲಿ ರ‍್ಯಾಟ್‌ಗೂ ಇಲಿ ಅಂತಲೇ ಹಾಕ್ತಾರೆ, ಮಕ್ಕಳು ಎರಡನ್ನೂ ಒಂದೇ ಅಂದ್ಕೊಳ್ತಾರೆ. ಇಲ್ಲಿ ಮಾತಾಡ್ತಾ ಇರೋದು ಸುಂಡಿಲಿ ಬಗ್ಗೆ, ಬೆಳೆದದ್ದು 25ರಿಂದ 30 ಗ್ರಾಂ ಅಷ್ಟೇ ತೂಗ್ತದೆ. ಗಬ್ಬ ಮೂರು ವಾರದೊಳಗೆ, ಮರಿ 21 ದಿನಕ್ಕೆ ಹಾಲು ಬಿಡ್ತದೆ, ಆರೆಂಟು ವಾರಕ್ಕೆ ತಾನೇ ಮರಿ ಹಾಕೋ ವಯಸ್ಸಿಗೆ ಬರ್ತದೆ.

ಅಟ್ಟದ ಸುಂಡಿಲಿಗೂ ಇದಕ್ಕೂ ಜಾತಿ ಒಂದೇ, ಆದ್ರೆ ಇದು ಇನ್‌ಬ್ರೆಡ್ ತಳಿ. ಅಣ್ಣ ತಂಗಿಯನ್ನೇ ಜೊತೆ ಹಾಕಿ, ಅವುಗಳ ಮರಿಗಳಲ್ಲೂ ಅಣ್ಣ ತಂಗಿ ಜೊತೆ ಹಾಕಿ, ಹೀಗೆ ಕಡಿಮೆ ಅಂದ್ರೂ 20 ತಲೆಮಾರು ತಂದ್ರೆ ಮಾತ್ರ ಇನ್‌ಬ್ರೆಡ್ ಅನ್ನೋ ಹೆಸರು ಕೊಡ್ತಾರೆ. ಅಷ್ಟೊತ್ತಿಗೆ ಹೆಚ್ಚುಕಮ್ಮಿ ಪ್ರತಿ ಜೀನ್‌ನ ಎರಡೂ ಪ್ರತಿ ಒಂದೇ ಆಗಿರ್ತದೆ. ಗಂಡು ಹೆಣ್ಣು ಅನ್ನೋದು ಬಿಟ್ರೆ ಆ ತಳಿಯ ಇಲಿಗಳೆಲ್ಲ ಅವಳಿ ಇದ್ದ ಹಾಗೆ, ಒಂದರ ಚರ್ಮ ಇನ್ನೊಂದಕ್ಕೆ ಕಸಿ ಮಾಡಿದ್ರೆ ಮೈ ತಿರಸ್ಕಾರ ಮಾಡೋದಿಲ್ಲ. ಅಂಗಾಂಗ ಕಸಿಯಲ್ಲಿ ಯಾವುದು ಹೊಂದ್ತದೆ ಯಾವುದು ಹೊಂದೋದಿಲ್ಲ ಅನ್ನೋದರ ಬುಡ ಗೊತ್ತಾಗಿದ್ದು ಇಂಥ ಇಲಿಗಳಿಂದಲೇ, ಅದಕ್ಕೇ ಜಾರ್ಜ್ ಸ್ನೆಲ್ ಅವರಿಗೆ 1980ರಲ್ಲಿ ನೊಬೆಲ್ ಬಂತು.

ಇದರ ಹಿಂದೆ ಒಬ್ಬಳು ಹೆಣ್ಣುಮಗಳ ಕತೆ ಇದೆ, ನಂಗೆ ಅದು ಬಾಳ ಇಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್ಬಿ ಅನ್ನೋ ಊರಲ್ಲಿ ಆಬಿ ಲಾಥ್ರಪ್ ಅಂತ ಶಾಲೆ ಅಕ್ಕೋರಾಗಿದ್ದವರು ಕೆಲಸ ಬಿಟ್ಟ ಮೇಲೆ ಬಣ್ಣಬಣ್ಣದ ಸಾಕು ಇಲಿ ಬೆಳೆಸಿ ಮಾರ್ತಿದ್ರು. ಅವರ ಇಲಿಗಳಿಂದಲೇ ಕ್ಲಾರೆನ್ಸ್ ಲಿಟ್ಲ್ 1921ರಲ್ಲಿ 57ನೇ ನಂಬರಿನ ಹೆಣ್ಣಿಲಿ ಇಟ್ಕೊಂಡು ಈ ತಳಿ ಶುರು ಮಾಡಿದ್ದು. ಹೆಸರಲ್ಲಿರೋ 57 ಆ ಹೆಣ್ಣಿಲಿದು, ಬಿಎಲ್ ಅಂದ್ರೆ ಬ್ಲ್ಯಾಕ್, 6 ಅನ್ನೋದು ಅದರಲ್ಲೇ ಒಂದು ಕವಲು. ಲಾಥ್ರಪ್ ತಾವು ಸಾಕಿದ ಪ್ರತಿ ಇಲಿದೂ ಲೆಕ್ಕ ಬರೆದಿಡ್ತಿದ್ರಂತೆ. ನಾನು ಮಕ್ಕಳಿಗೆ ಲ್ಯಾಬ್ ರೆಕಾರ್ಡ್ ಬರೆಸುವಾಗ ಪ್ರತಿ ವರ್ಷ ಇವರ ವಿಷಯ ಹೇಳ್ತೇನೆ.

ಅಂಕೋಲೆ ತೋಟ:
ಅಕ್ಕೋರೇ ಚಂದ ಹೇಳಿದ್ರಿ. ಅಂದ್ರೆ ಇದು ನಮ್ಮ ಕಸಿ ಮಾವಿನ ಹಾಗೆ ಅಲ್ವಾ? ಗೊರಟೆ ಹಾಕಿದ್ರೆ ಯಾವ ಹಣ್ಣು ಬರ್ತದೋ ದೇವರಿಗೇ ಗೊತ್ತು, ಕಸಿ ಕಟ್ಟಿದ್ರೆ ತಾಯಿ ಮರದ್ದೇ ಹಣ್ಣು. ನಾನು ಒಂದ್ಸಲ ಕರಿ ಈಶಾಡು ಅಂತ 10 ಕಸಿ ಗಿಡ ತಂದು ನೆಟ್ಟಿದ್ದೆ. ಗಿಡ ಇದ್ದಾಗ ಎಲೆ ನೋಡಿ ಗೊತ್ತಾಗ್ಲಿಲ್ಲ. ವರ್ಷಗಟ್ಟಲೆ ನೀರು ಗೊಬ್ಬರ ಹಾಕಿ ಹಣ್ಣು ಬಿಟ್ಟ ಮೇಲೆ ನೋಡಿದ್ರೆ ನಾಲ್ಕು ಗಿಡ ಬಿಳಿ ಈಶಾಡು, ಸಿಪ್ಪೆ ದಪ್ಪ, ಆ ಪರಿಮಳ ಇಲ್ಲ. ಕೊಟ್ಟವ್ರು ಈಶಾಡು ಅಂತಲೇ ಕೊಟ್ಟಿದ್ರು, ಸುಳ್ಳೇನಲ್ಲ, ಆದ್ರೆ ಹೆಸರು ಅರ್ಧ ಹೇಳಿದ್ರು. ಈ ತಂಗಿಗೆ ಆಗಿದ್ದೂ ಅದೇ ಅಂತ ನಂಗೆ ಕಾಣ್ತದೆ.

ಕುಮಟಾ ಪಶುವೈದ್ಯ:
ತೋಟದವ್ರು ಸರಿಯಾದ ಜಾಗಕ್ಕೇ ಕೈ ಹಾಕಿದ್ರು. ಹೆಸರು ಅರ್ಧ ಹೇಳಿದ್ರೆ ಆಗೋದು ಇದೇ. ಕಸಿ ಉಪಮೆಯಲ್ಲಿ ಮಾತ್ರ ಒಂದು ತಿದ್ದುಪಡಿ. ಕಸಿ ಮಾವು ಒಂದರ ಹಾಗೆ ಇನ್ನೊಂದು ಇರ್ತದೆ ನಿಜ, ಆದ್ರೆ ಅದರ ಒಳಗೆ ಜೀನುಗಳ ಜೋಡಿ ಕಲಬೆರಕೆನೇ, ಅದಕ್ಕೇ ಅದರ ಗೊರಟೆ ಹಾಕಿದ್ರೆ ಬೇರೆ ಬರೋದು. ಇನ್‌ಬ್ರೆಡ್ ಇಲಿ ಮರಿ ಹಾಕಿದ್ರೂ ಅದೇ ಬರ್ತದೆ. ಅದಕ್ಕೆ ಹತ್ತಿರ ಅಂದ್ರೆ ಭತ್ತ. ಭತ್ತ ತನ್ನ ಹೂವಿಗೆ ತಾನೇ ಪರಾಗ ಕೊಡೋ ಬೆಳೆ. ನಮ್ಮ ಗಜನಿ ಗದ್ದೆಯ ಕಗ್ಗ ಭತ್ತದಲ್ಲಿ ಒಂದೇ ಒಂದು ತೆನೆ ಆರಿಸಿ, ಅದರ ಬೀಜವನ್ನೇ ಬೇರೆ ಮಡಿಯಲ್ಲಿ ವರ್ಷ ವರ್ಷ ಬೆಳೆಸ್ತಾ ಹೋದ್ರೆ ಸಿಗೋದು ಶುದ್ಧ ಸಾಲು, ಅದು ಇನ್‌ಬ್ರೆಡ್ ಇಲಿ. ಇಡೀ ಗದ್ದೆ ಕಗ್ಗವನ್ನ ಒಟ್ಟಿಗೆ ಕೊಯ್ದು ಬೀಜಕ್ಕೆ ಇಟ್ರೆ ಅದು ನಮ್ಮ ದೇಶದ ಕಾಲೇಜುಗಳಲ್ಲಿ ಜಾಸ್ತಿ ಕಾಣೋ ಸ್ವಿಸ್ ಬಿಳಿ ಇಲಿ ಹಾಗೆ, ನೋಡೋಕೆ ಎಲ್ಲ ಒಂದೇ, ಒಳಗೆ ಸ್ವಲ್ಪ ಸ್ವಲ್ಪ ಬೇರೆ.

ಈಗ ತಂಗಿ ವಿಷಯ. ಲಿಟ್ಲ್ 1929ರಲ್ಲಿ ಬಾರ್ ಹಾರ್ಬರ್‌ನಲ್ಲಿ ಜಾಕ್ಸನ್ ಲ್ಯಾಬೊರೇಟರಿ ಕಟ್ಟಿದ್ರು. ಅಲ್ಲಿ ಮುಂದುವರಿದ ಬ್ಲ್ಯಾಕ್ ಸಿಕ್ಸ್‌ಗೆ ಕೊನೇಲಿ ಜೆ. 1951ರಲ್ಲಿ ಅಲ್ಲಿಂದ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಎನ್‌ಐಎಚ್‌ಗೆ ಹೋದ ಕವಲಿಗೆ ಎನ್. ಅಲ್ಲಿಂದ ಎರಡೂ ಬೇರೆ ಬೇರೆ ಮನೆಯಲ್ಲಿ ಬೆಳೆದ್ವು. ಎಷ್ಟೇ ಶುದ್ಧ ತಳಿ ಆದ್ರೂ ತಲೆಮಾರಿಗೆ ಇಷ್ಟು ಅಂತ ಹೊಸ ಮ್ಯುಟೇಷನ್, ಅಂದ್ರೆ ಜೀನ್‌ನಲ್ಲಿ ಬದಲಾವಣೆ, ಬಂದೇ ಬರ್ತದೆ, ಅಣ್ಣ ತಂಗಿ ಜೋಡಿಯಲ್ಲಿ ಅದು ಬೇಗ ಗಟ್ಟಿ ಆಗ್ತದೆ. ಹಾಗೆ ಜೆ ಕವಲಲ್ಲಿ ಎನ್‌ಎನ್‌ಟಿ ಅನ್ನೋ ಜೀನ್‌ನ ಐದು ತುಂಡು, ಎಕ್ಸಾನ್ 7ರಿಂದ 11, ಪೂರ್ತಿ ಹೋಗಿಬಿಟ್ಟಿದೆ. ಆ ಜೀನ್‌ನ ಪ್ರೋಟೀನ್ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಕೂತು ಜೀವಕೋಶಕ್ಕೆ ಆಕ್ಸಿಡೇಷನ್ ಏಟು ತಡೆಯೋ ಶಕ್ತಿ ಒದಗಿಸ್ತದೆ. ಅದಿಲ್ಲದೆ ಇದ್ರೆ ಸಕ್ಕರೆ ಏರಿದಾಗ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಸರಿಯಾಗಿ ಬರೋದಿಲ್ಲ. ಇದು ಗೊತ್ತಾಗಿದ್ದು 2005ರಲ್ಲಿ. ಎನ್ ಕವಲಲ್ಲಿ ಆ ಜೀನ್ ಪೂರ್ತಿ ಇದೆ.

ಈಗ ಲೆಕ್ಕ ಹಾಕು. ನಿನ್ನ ನಾಕೌಟ್ ಎನ್‌ನಿಂದ ಹುಟ್ಟಿದ್ದು, ಮೊದಲನೇ ಬ್ಯಾಚ್ ಮಾಮೂಲಿ ಇಲಿ ಜೆ ಆಗಿದ್ರೆ, ನಾಕೌಟ್‌ನ ಶುಗರ್ ಚಲೋ ಇದ್ದದ್ದಲ್ಲ, ಹೋಲಿಕೆಗೆ ಇಟ್ಟ ಇಲಿದೇ ಹಾಳಾಗಿತ್ತು. ಎರಡನೇ ಬ್ಯಾಚ್ ಎನ್, ಹಾಗಾಗಿ ವ್ಯತ್ಯಾಸ ಮಾಯ. ನೀನು ಎಲ್ಲೂ ಕೈ ತಪ್ಪಿಲ್ಲ ತಂಗೀ.

ಸೋಂದಾ ಹುಡುಗಿ:
ಡಾಕ್ಟ್ರೇ ಇದನ್ನ ಮೂರು ಸಲ ಓದಿದೆ. ಕಣ್ಣಲ್ಲಿ ನೀರು ಬಂತು. ಪೇಪರ್ ಹೋಯ್ತಲ್ಲ ಅಂತಲ್ಲ, ಅದನ್ನ ಕಳಿಸಿಬಿಟ್ಟಿದ್ರೆ ಅನ್ನೋ ಹೆದರಿಕೆಗೆ. ಅದನ್ನ ನಂಬಿ ಬೇರೆ ಯಾರೋ ಎರಡು ವರ್ಷ ಕೆಲಸ ಮಾಡ್ತಿದ್ರು.

ಕಾಳಿ ದಂಡೆ:
ನಾನು ಕಾರವಾರದಲ್ಲಿ ಲ್ಯಾಬ್ ಟೆಕ್ನಿಷಿಯನ್, ಮನುಷ್ಯರ ರಕ್ತ ನೋಡೋದು ಬಿಟ್ರೆ ಇಲಿ ಗೊತ್ತಿಲ್ಲ. ಆದ್ರೂ ಒಂದು ಸಂಶಯ, ಇಷ್ಟು ತೊಂದರೆ ಇರೋ ತಳಿನ ಜಗತ್ತೆಲ್ಲ ಯಾಕೆ ಹಿಡ್ಕೊಂಡು ಕೂತಿದೆ, ಬೇರೆ ಒಳ್ಳೇ ತಳಿ ಇಲ್ವಾ?

ಕುಮಟಾ ಪಶುವೈದ್ಯ:
ತೊಂದರೆ ಇಲ್ಲದ ತಳಿ ಇಲ್ಲ. ಬ್ಲ್ಯಾಕ್ ಸಿಕ್ಸ್ ಚೆನ್ನಾಗಿ ಮರಿ ಹಾಕ್ತದೆ, ಸರಿಯಾಗಿ ನೋಡ್ಕೊಂಡ್ರೆ ಎರಡು ವರ್ಷದ ಮೇಲೂ ಬದುಕ್ತದೆ, ಇದರ ಹಿನ್ನೆಲೆಯಲ್ಲಿ ಮಾಡಿಟ್ಟ ಮ್ಯುಟೆಂಟ್‌ಗಳು ಸಾವಿರಗಟ್ಟಲೆ ಇವೆ. ಮನುಷ್ಯನದ್ದಾದ ಮೇಲೆ ಪೂರ್ತಿ ಓದಿದ ಎರಡನೇ ಸಸ್ತನಿ ಜೀನೋಮ್ ಇದರದ್ದೇ, 2002ರಲ್ಲಿ ಬಂತು, ಅದು ಜೆ ಕವಲಿಂದು. ಕೊಬ್ಬಿನ ಆಹಾರ ಕೊಟ್ರೆ ಮೂರ್ನಾಲ್ಕು ತಿಂಗಳಲ್ಲಿ ಬೊಜ್ಜು ಬಂದು ಶುಗರ್ ಏರ್ತದೆ, ನಮ್ಮ ಜನಕ್ಕೆ ಟೈಪ್ 2 ಡಯಾಬಿಟಿಸ್ ಬರೋ ದಾರಿಗೆ ಹತ್ತಿರ. ಅದೇ ಆಹಾರ ಎ/ಜೆ ಅನ್ನೋ ತಳಿಗೆ ಕೊಟ್ರೆ ಅಷ್ಟು ಬೊಜ್ಜು ಬರೋದಿಲ್ಲ. ಹಸಿವು ತಗ್ಗಿಸೋ ಲೆಪ್ಟಿನ್ ಹಾರ್ಮೋನ್ ಸಿಕ್ಕಿದ್ದೂ 1949ರಲ್ಲಿ ಜಾಕ್ಸನ್ ಲ್ಯಾಬ್‌ನಲ್ಲಿ ಕಂಡ ಒಂದು ದಪ್ಪ ಇಲಿಯಿಂದ, ಆ ಜೀನ್ ಯಾವುದು ಅಂತ ಜೆಫ್ರಿ ಫ್ರೀಡ್‌ಮನ್ ತಂಡ ಹಿಡಿದಿದ್ದು 1994ರಲ್ಲಿ.

ಇದರ ದೋಷಗಳನ್ನೂ ಗೊತ್ತಿಟ್ಕೊಂಡು ಬಳಸ್ಬೇಕು. ಸಿಡಿಎಚ್23 ಅನ್ನೋ ಜೀನ್‌ನಿಂದಾಗಿ ವಯಸ್ಸಾದ ಹಾಗೆ ಕಿವಿ ಹೋಗ್ತದೆ, ಮೊದಲು ಸಣ್ಣ ಕೀರಲು ಸದ್ದು ಕೇಳೋದು ನಿಲ್ತದೆ. ಒಂದು ವರ್ಷ ಆದ ಇಲಿಗೆ ಶಬ್ದ ಕೊಟ್ಟು ನೆನಪಿನ ಪರೀಕ್ಷೆ ಮಾಡಿ ಮರೆವು ಬಂದಿದೆ ಅಂತ ಬರೆದ್ರೆ, ಅದಕ್ಕೆ ಕೇಳಿಸಿತ್ತೋ ಇಲ್ವೋ ಮೊದಲು ನೋಡ್ಬೇಕು. ಒಟ್ಟಿಗಿಟ್ರೆ ಒಂದು ಇನ್ನೊಂದರ ಮೀಸೆ ಕೂದಲು ಕತ್ತರಿಸಿ ಬೋಳು ಮಾಡ್ತದೆ, ಚರ್ಮದಲ್ಲಿ ಹುಣ್ಣು ಬರೋದು ಜಾಸ್ತಿ. ಆಲ್ಕೋಹಾಲ್ ಬೆರೆಸಿದ ನೀರು ಇಟ್ರೆ ತಾನಾಗೇ ಕುಡೀತದೆ, ಡಿಬಿಎ/2 ಅನ್ನೋ ತಳಿ ಬಾಯೂ ಹಾಕೋದಿಲ್ಲ, ಕುಡಿತದ ಚಟಕ್ಕೆ ಜೀನ್ ಹೇಗೆ ಕಾರಣ ಅಂತ ಹುಡುಕೋರಿಗೆ ಈ ಜೋಡಿ ಬೇಕೇ ಬೇಕು. ಆ ಡಿಬಿಎ ಲಿಟ್ಲ್ 1909ರಲ್ಲಿ ಶುರು ಮಾಡಿದ ಮೊತ್ತಮೊದಲ ಇನ್‌ಬ್ರೆಡ್ ತಳಿ.

ಎನ್ ಕೂಡ ನಿರ್ದೋಷಿ ಅಲ್ಲ. ಅದರಲ್ಲಿ ಸಿಆರ್‌ಬಿ1 ಜೀನ್‌ನಲ್ಲಿ ಆರ್‌ಡಿ8 ಅನ್ನೋ ಮ್ಯುಟೇಷನ್ ಇದೆ, ಕಣ್ಣಿನ ರೆಟಿನಾ ಕೆಡ್ತದೆ, 2012ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಕಣ್ಣಿನ ಮೇಲೆ ಕೆಲಸ ಮಾಡಿದವ್ರು ಎಷ್ಟೋ ಜನ ತಮ್ಮ ಹಳೇ ಫಲಿತಾಂಶ ಮತ್ತೆ ನೋಡ್ಬೇಕಾಗಿ ಬಂತು.

ಸಿದ್ದಾಪುರ ಘಟ್ಟ:
ನಮ್ಮಲ್ಲಿ ಮಂಗನ ಕಾಯಿಲೆ ಬಂದಾಗೆಲ್ಲ ಪುಣೆಗೆ ಸ್ಯಾಂಪಲ್ ಹೋಗ್ತದೆ ಅಂತ ಕೇಳ್ತಿದ್ದೆ. ಅದಕ್ಕೂ ಈ ಇಲಿಗೂ ಸಂಬಂಧ ಉಂಟಾ? ನಮ್ಮ ಕೇರಿಯಲ್ಲಿ ದರಕು, ಅಂದ್ರೆ ಒಣ ಎಲೆ, ತರೋಕೆ ಬೆಟ್ಟಕ್ಕೆ ಹೋದವ್ರು ಜ್ವರ ಬಂದು ಹೋಗಿದ್ದಾರೆ, ಹಾಗಾಗಿ ಕೇಳಿದೆ.

ಹೊನ್ನಾವರ ಅಕ್ಕೋರು:
ಉಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗ ಸಾಯೋಕೆ ಶುರುವಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವ್ರು ಬಂದ್ರು, ಈಗ ಅದಕ್ಕೆ ಎನ್‌ಐವಿ ಅಂತಾರೆ. ಆ ಕಾಲದಲ್ಲಿ ವೈರಸ್ ಹಿಡಿಯೋ ದಾರಿ ಅಂದ್ರೆ ರೋಗಿಯ, ಸತ್ತ ಮಂಗದ, ಉಣುಗಿನ ಸ್ಯಾಂಪಲ್ ತೆಗೆದು ಹಾಲು ಕುಡಿಯೋ ಇಲಿ ಮರಿಯ ಮಿದುಳಿಗೆ ಚುಚ್ಚಿ ನೋಡೋದು. ಇವತ್ತಿನ ಪಿಸಿಆರ್ ಎಲ್ಲ ಆಗ ಇರಲಿಲ್ಲ.

ಕುಮಟಾ ಪಶುವೈದ್ಯ:
ಅದಕ್ಕೆ ಒಂದು ಸೇರಿಸ್ತೇನೆ, ಸಿದ್ದಾಪುರದವ್ರಿಗೆ ಇದು ಗೊತ್ತಿರ್ಬೇಕು. ಮಂಗನ ಕಾಯಿಲೆ ವೈರಸ್ ಫ್ಲೇವಿವೈರಸ್ ಕುಲದ್ದು, ಡೆಂಗ್ಯೂ, ವೆಸ್ಟ್ ನೈಲ್ ಎಲ್ಲ ಅದೇ ಕುಲ. ಈ ಕುಲದ ವೈರಸ್ ತಡೆಯೋಕೆ ಇಲಿಯಲ್ಲಿ ಓಎಎಸ್1ಬಿ ಅನ್ನೋ ಒಂದು ಜೀನ್ ಇದೆ. ಬ್ಲ್ಯಾಕ್ ಸಿಕ್ಸ್, ಬಾಲ್ಬ್/ಸಿ, ಹೀಗೆ ಲ್ಯಾಬ್‌ನ ಹೆಚ್ಚಿನ ತಳಿಗಳಲ್ಲಿ ಆ ಜೀನ್ ಅರ್ಧಕ್ಕೇ ತುಂಡಾಗಿದೆ, ಪ್ರೋಟೀನ್ ಪೂರ್ತಿ ಆಗೋದಿಲ್ಲ. ಕಾಡು ಇಲಿಗಳಲ್ಲಿ ಸಾಮಾನ್ಯವಾಗಿ ಅದು ಸರಿ ಇರ್ತದೆ. ವೆಸ್ಟ್ ನೈಲ್ ಕೊಟ್ರೆ ಲ್ಯಾಬ್ ಇಲಿ ಸಾಯ್ತದೆ, ಜೀನ್ ಸರಿ ಇದ್ದದ್ದು ಉಳೀತದೆ, ಇದು 2002ರಲ್ಲಿ ತಿಳಿದದ್ದು. ಅಂದ್ರೆ ಲಸಿಕೆ ಪರೀಕ್ಷೆಗೆ ಲ್ಯಾಬ್ ಇಲಿ ಅನುಕೂಲ, ರೋಗ ಹತ್ತೋದ್ರಿಂದಲೇ ತಡೆ ಸಿಕ್ತೋ ಇಲ್ವೋ ಕಾಣ್ತದೆ. ಆದ್ರೆ ಇಲಿ ಇಷ್ಟು ಬೇಗ ಸತ್ತಿತು ಅನ್ನೋದನ್ನ ಹಾಗೇ ಮನುಷ್ಯನಿಗೆ ಅನ್ವಯಿಸೋಕೆ ಬರೋದಿಲ್ಲ.

ತಳಿ ಬದಲಾದ್ರೆ ರೋಗದ ದಾರಿನೇ ಬದಲಾಗೋದು ಇದೊಂದೇ ಅಲ್ಲ. ಲೀಶ್ಮೇನಿಯಾ ಮೇಜರ್ ಅನ್ನೋ ಪರಾವಲಂಬಿಯನ್ನ ಬ್ಲ್ಯಾಕ್ ಸಿಕ್ಸ್‌ಗೆ ಕೊಟ್ರೆ ಹುಣ್ಣು ತಾನಾಗೇ ವಾಸಿ ಆಗ್ತದೆ, ಬಾಲ್ಬ್/ಸಿ ಬಿಳಿ ಇಲಿಗೆ ಕೊಟ್ರೆ ಮೈಯೆಲ್ಲ ಹರಡ್ತದೆ. ಎರಡರ ರೋಗನಿರೋಧಕ ಶಕ್ತಿ ಹೊರಳೋ ದಿಕ್ಕೇ ಬೇರೆ. ಹಾಗಂತ ಬಾಲ್ಬ್/ಸಿ ಕೀಳಲ್ಲ, 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಮೊನೊಕ್ಲೋನಲ್ ಆ್ಯಂಟಿಬಾಡಿ, ಅಂದ್ರೆ ಒಂದೇ ಗುರಿಗೆ ಅಂಟೋ ಒಂದೇ ಥರದ ಆ್ಯಂಟಿಬಾಡಿ, ಮಾಡಿದ್ದು ಆ ತಳಿಯ ಕ್ಯಾನ್ಸರ್ ಜೀವಕೋಶ ಇಟ್ಕೊಂಡೇ, ಇವತ್ತಿನ ಎಷ್ಟು ಔಷಧಿ, ಎಷ್ಟು ಟೆಸ್ಟ್ ಕಿಟ್ ಅದರ ಮೇಲೆ ನಿಂತಿದೆ.

ಕಾಳಿ ದಂಡೆ:
ನಾವು ದಿನಾ ಬಳಸೋ ಪ್ರೆಗ್ನೆನ್ಸಿ ಕಾರ್ಡಲ್ಲೂ ಮೊನೊಕ್ಲೋನಲ್ ಆ್ಯಂಟಿಬಾಡಿನೇ ಇರೋದು. ಇಷ್ಟು ವರ್ಷ ಅದನ್ನ ಮುಟ್ಟಿದ್ರೂ ಹಿಂದೆ ಇಲಿ ಇದೆ ಅಂತ ಯೋಚನೆ ಮಾಡಿರ್ಲಿಲ್ಲ.

ಬನವಾಸಿ ರಸ್ತೆ:
ಎಲ್ಲ ಓದ್ತಾ ಇದ್ದೇನೆ. ಬೇಜಾರು ಮಾಡ್ಕೋಬೇಡಿ, ಇದು ಕೇಳಲೇ ಬೇಕು ಅನ್ನಿಸ್ತು. ಮಗಳು ಮುಂದೆ ಇಂಥ ಕೆಲಸಕ್ಕೇ ಹೋಗ್ಬಹುದು. ಆ ಜೀವಗಳಿಗೆ ನೋವಾಗೋದಿಲ್ವಾ? ಯಾರು ಕೇಳೋರು?

ಕುಮಟಾ ಪಶುವೈದ್ಯ:
ಬೇಜಾರೆಂತದ್ದು, ಕೇಳಬೇಕಾದ್ದೇ. ಮನೇಲಿ ಯಾರೂ ತಂದು ಸಾಕಿ ಪ್ರಯೋಗ ಮಾಡೋ ಹಾಗಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಅದರ ಕೆಳಗೆ 1998ರ ನಿಯಮ ಇದೆ, ಇಲಿ ಬೆಳೆಸೋ ಜಾಗಕ್ಕೂ ಪ್ರಯೋಗ ಮಾಡೋ ಜಾಗಕ್ಕೂ ನೋಂದಣಿ ಬೇಕು. ಪ್ರತಿ ಸಂಸ್ಥೆಯಲ್ಲಿ ನೀತಿ ಸಮಿತಿ ಇರ್ತದೆ, ಎಷ್ಟು ಇಲಿ, ಯಾಕೆ, ನೋವು ಹೇಗೆ ಕಮ್ಮಿ ಮಾಡ್ತೀರಿ ಅಂತ ಮೊದಲೇ ಬರೆದು ಕೊಟ್ಟು ಒಪ್ಪಿಗೆ ತಗೋಬೇಕು. ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ ಮೂರು ಮಾತು ಈಗಲೂ ಅಡಿಪಾಯ, ಪ್ರಾಣಿ ಬದಲು ಬೇರೆ ದಾರಿ ಇದ್ರೆ ಅದು, ಇಲ್ಲದಿದ್ರೆ ಸಂಖ್ಯೆ ಕಮ್ಮಿ, ಇರೋದಕ್ಕೆ ನೋವು ಕಮ್ಮಿ. ಹಿಡಿಯೋ ರೀತಿಯೂ ಬದಲಾಗಿದೆ. ಬಾಲ ಹಿಡಿದು ಎತ್ತಿದ್ರೆ ಇಲಿಗೆ ಹೆದರಿಕೆ ಜಾಸ್ತಿ, ಬೊಗಸೆಯಲ್ಲೋ ಪ್ಲಾಸ್ಟಿಕ್ ನಳಿಗೆಯಲ್ಲೋ ಎತ್ತಿದ್ರೆ ಕಮ್ಮಿ ಅಂತ 2010ರಲ್ಲಿ ತೋರಿಸಿದ್ರು. ಬ್ಲ್ಯಾಕ್ ಸಿಕ್ಸ್ ಮರಿ ಮೂರು ವಾರದ್ದು ಇದ್ದಾಗ ಪಂಜರ ತೆರೆದ್ರೆ ಚಿಮ್ಮಿ ಹೊರಗೇ ಹಾರ್ತದೆ, ಅದಕ್ಕೆ ತಾಳ್ಮೆ ಬೇಕು, ಗಡಿಬಿಡಿ ಮಾಡಿದ್ರೆ ಅದರ ಶುಗರ್ ಕೂಡ ಏರ್ತದೆ.

ನನ್ನ ಮಟ್ಟಿಗೆ ದೊಡ್ಡ ಹಿಂಸೆ ಅಂದ್ರೆ ತಳಿ ಹೆಸರು ಸರಿ ಬರೆಯದೆ ಮಾಡಿದ ಪ್ರಯೋಗ. ಆ ಇಲಿಗಳು ಯಾತಕ್ಕೂ ಬಾರದೆ ಹೋಗ್ತಾವೆ.

ಸೋಂದಾ ಹುಡುಗಿ:
ಡಾಕ್ಟ್ರೇ, ಆ ಕೊನೇ ಮಾತು ಎದೆಗೆ ತಾಗಿತು. ನಾನು ಮೊದಲನೇ ಬ್ಯಾಚ್‌ನ ಬಾಲದ ತುಣುಕು ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. ಎನ್‌ಎನ್‌ಟಿ ನೋಡೋಕೆ ಪಿಸಿಆರ್ ಸಾಕಾ?

ಕುಮಟಾ ಪಶುವೈದ್ಯ:
ಸಾಕು. ಸರಿ ಇರೋ ಜೀನ್‌ಗೊಂದು, ತುಂಡಾದ ಜೀನ್‌ಗೊಂದು ಬ್ಯಾಂಡ್, ಅಂದ್ರೆ ಗೆರೆ, ಬರೋ ಹಾಗೆ ಪ್ರೈಮರ್, ಅಂದ್ರೆ ಆ ಜಾಗ ಹಿಡಿಯೋ ಡಿಎನ್‌ಎ ಚೂರು, ಇವೆ, ಒಂದೇ ದಿನದ ಕೆಲಸ. ಮೂರೂ ಗುಂಪು ಒಟ್ಟಿಗೆ ಓಡಿಸು.

(ಹನ್ನೊಂದು ದಿನದ ಮೇಲೆ)

ಸೋಂದಾ ಹುಡುಗಿ:
ಪಿಸಿಆರ್‌ನ ಗೆರೆ ಕಾಣೋ ಜೆಲ್ ಬಂತು. ಮೊದಲನೇ ಬ್ಯಾಚ್ ಮಾಮೂಲಿ ಇಲಿ ಎಂಟಕ್ಕೆ ಎಂಟೂ ತುಂಡಾದ ಜೀನ್, ಅಂದ್ರೆ ಜೆ. ಎರಡನೇ ಬ್ಯಾಚ್ ಮತ್ತೆ ನನ್ನ ನಾಕೌಟ್ ಎಲ್ಲ ಪೂರ್ತಿ ಜೀನ್. ಗೈಡ್‌ಗೆ ತೋರಿಸಿದೆ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಪೇಪರ್ ನಿಲ್ಲಿಸು ಅಂದ್ರು. ಈಗ ಎಂತ ಮಾಡ್ಲಿ? ಬರೀ ಎನ್ ತರಿಸಿ ಹೋಲಿಸಿದ್ರೆ ಆಗೋದಿಲ್ವಾ?

ಕುಮಟಾ ಪಶುವೈದ್ಯ:
ಆಗ್ತದೆ, ಆದ್ರೆ ಅದಕ್ಕಿಂತ ಗಟ್ಟಿ ದಾರಿ ಒಡಹುಟ್ಟಿದ ಮರಿಗಳನ್ನೇ ಹೋಲಿಸೋದು. ನಾಕೌಟ್‌ನ ಎನ್ ಜೊತೆ ಹಾಕು, ಮರಿಯೆಲ್ಲ ಆ ಜೀನ್‌ನ ಒಂದೇ ಪ್ರತಿ ಸರಿ ಇರೋವು ಬರ್ತಾವೆ. ಅವು ಬೆಳೆದ ಮೇಲೆ ಅವುಗಳಲ್ಲೇ ಜೋಡಿ ಹಾಕು. ನಾಲ್ಕರಲ್ಲಿ ಒಂದು ನಾಕೌಟ್, ಒಂದು ಮಾಮೂಲಿ, ಎರಡು ಮಧ್ಯದ್ದು. ಒಂದೇ ತಾಯಿ ಹಾಲು, ಒಂದೇ ಪಂಜರ, ಒಂದೇ ಹಿನ್ನೆಲೆ. ಬರೀ ಗಂಡೇ ಬೇಕು ಅಂದ್ರೆ ಎಂಟು ನಾಕೌಟ್‌ಗೆ 64 ಮರಿ ಹುಟ್ಟಬೇಕು, ಸೂಲಿಗೆ ಆರು ಮರಿ ಅಂದ್ರೂ ಹನ್ನೊಂದು ಸೂಲು. ಹೆಣ್ಣನ್ನೂ ಸೇರಿಸ್ಕೊಂಡು ಗಂಡು ಹೆಣ್ಣು ಬೇರೆ ಬೇರೆ ಲೆಕ್ಕ ಮಾಡು, ಹುಟ್ಟಿದ್ರಲ್ಲಿ ವ್ಯರ್ಥ ಆಗೋದು ಅರ್ಧಕ್ಕೆ ಇಳೀತದೆ. ಜೆ ಇಲಿನ ಆ ಕೋಣೆಗೇ ತರಬೇಡ.

ಅಂಕೋಲೆ ತೋಟ:
ಎಷ್ಟು ಟೈಮ್ ಹಿಡೀತದೆ ತಂಗೀ?

ಸೋಂದಾ ಹುಡುಗಿ:
ಲೆಕ್ಕ ಹಾಕಿದೆ ಅಣ್ಣಾ. ಮೊದಲನೇ ಸೂಲಿಗೆ 3 ವಾರ, ಅವು ಬೆಳೆಯೋಕೆ 7 ವಾರ, ಮತ್ತೆ 3, ಆಮೇಲೆ ಟೆಸ್ಟ್ ವಯಸ್ಸಿಗೆ 9 ವಾರ. ಐದು ತಿಂಗಳ ಮೇಲೆ. ನೀತಿ ಸಮಿತಿಗೆ ಹೊಸ ಅರ್ಜಿ ಹಾಕಿ ಒಪ್ಪಿಗೆ ಬಂತು. ನಿನ್ನೆ ಸಂಜೆ ನಾಲ್ಕು ಜೋಡಿ ಹಾಕಿದೆ. ಕಾರ್ಡ್ ನಾನೇ ಬರೆದೆ, ತಳಿ, ಕವಲು, ಎಲ್ಲಿಂದ ಬಂತು, ಎಷ್ಟನೇ ತಲೆಮಾರು, ಎಲ್ಲ ಪೂರ್ತಿ. ಲ್ಯಾಬ್‌ನ ಉಳಿದ ಪಂಜರಗಳ ಕಾರ್ಡೂ ಹೊಸದಾಗಿ ಬರೀತಾ ಇದ್ದೇನೆ, 40 ಆಯ್ತು, ಇನ್ನೂ 26 ಇದೆ.